ತಾತ ಮುಚ್ಚಿದ ಬಿಲಗಳು

ಸಾಣೆಕಲ್ಲಿನ ಮೇಲೆ ಯಾರಾದರೂ ಗಂಧ ತೇಯುತ್ತಿದ್ದರೆ ನನಗೆ ಮೊದಲು ನೆನಪಾಗುವುದು ದೇವರಲ್ಲ, ಪೆಟ್ರೋಲು. ಆ ಎರಡು ವಾಸನೆ ಒಟ್ಟಿಗೆ ಸೇರಿದ್ದು ಕೊತ್ತತ್ತಿ ಮಗ್ಗುಲಿನ ನಮ್ಮ ತೊಟ್ಟಿಮನೆಯ ಹಿಂದೆ, ತಾತ ಉಳದೆ ಬಿಟ್ಟಿದ್ದ ಬೀಳಿನಲ್ಲಿ. ನಾಲೆಯ ನೀರು ಆಗಿನ್ನೂ ಅಲ್ಲಿಗೆ ಬಂದಿರಲಿಲ್ಲ. ಬೆಂಗಳೂರಿನ ಜವಳಿ ಸಾಹುಕಾರರೊಬ್ಬರ ಮಗ, ಮಂಡ್ಯದ ಕಡೆಯ ತಮ್ಮ ಕಬ್ಬಿನ ಜಮೀನು ನೋಡಲು ಬಂದಾಗಲೆಲ್ಲ, ಇಬ್ಬರಷ್ಟೇ ಕೂರುವ ತಮ್ಮ ಸ್ವಂತ ವಿಮಾನವನ್ನು ಅಲ್ಲಿ ಇಳಿಸುತ್ತಿದ್ದರು. ಊರವರೆಲ್ಲ ಅವರನ್ನು ಗೌರವದಿಂದ ‘ಇಮಾನದ ಬುದ್ಧಿ’ ಎನ್ನುತ್ತಿದ್ದರು. ವಾರಗಟ್ಟಲೆ ಅದು ನಮ್ಮ ಚಪ್ಪರದ ಕೆಳಗೇ ಇರುತ್ತಿತ್ತು, ಕಾವಲು ತಾತನದು. ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಬೀಳಿನ ಉದ್ದಕ್ಕೂ ನಡೆದು, ಕಂಡ ಕಂಡ ಇಲಿಬಿಲಕ್ಕೆಲ್ಲ ಮಣ್ಣು ತುಂಬಿ ತುಳಿಯುತ್ತಿದ್ದ. ಯಾರಾದರೂ ಕೇಳಿದರೆ, ‘ನನ್ ನೆಲ ನಂಬ್ಕಂಡು ಮೇಲಿಂದ ಇಳೀತಾರೆ ಕಣ್ಲಾ, ತಮಾಸೆನಾ?’ ಎನ್ನುತ್ತಿದ್ದ. ಆಗ ಅವನ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು.

ಆ ವರ್ಷ ಆಯುಧಪೂಜೆಗೆ ನೇಗಿಲು, ಕುಡುಗೋಲು, ಗಾಡಿಗಳ ಜೊತೆ ವಿಮಾನಕ್ಕೂ ಪೂಜೆ ಆಗಲೇಬೇಕೆಂದು ಅಜ್ಜಿ ಹಟ ಹಿಡಿದಳು. ಬುದ್ಧಿಯವರು ನಕ್ಕು ಒಪ್ಪಿ, ನಮ್ಮ ಜಗಲಿಯಲ್ಲಿ ಒಬ್ಬಟ್ಟಿನ ಊಟಕ್ಕೆ ಕೂತರು. ಅಜ್ಜಿ ತಾನೇ ಗಂಧ ತೇದು, ಎಂಟು ವರ್ಷದವಳಾದ ನನ್ನ ಕೈಗೆ ಬಟ್ಟಲು ಕೊಟ್ಟಳು. ‘ಎಲ್ಲಾದ್ಕೂ ಇಕ್ಕು ಕಣ್ ಮಗ, ಒಂದ್ನೂ ಬುಡ್ಬ್ಯಾಡ’ ಎಂದಳು. ಚಕ್ರ, ಬಾಲ, ಮೂತಿ ಎಲ್ಲಕ್ಕೂ ಇಟ್ಟೆ. ರೆಕ್ಕೆ ನಿಲುಕದಾದಾಗ ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವಿನ ಕಂಬದಲ್ಲಿ ಕಿರುಬೆರಳಿಗಿಂತ ಸಣ್ಣ ಕೊಳವೆಯೊಂದು ಬಾಯಿ ತೆರೆದುಕೊಂಡಿತ್ತು. ಒಂದನ್ನೂ ಬಿಡಬಾರದಲ್ಲ, ಗಂಧವನ್ನು ಉಂಡೆ ಮಾಡಿ ಅದರೊಳಕ್ಕೆ ಒತ್ತಿದೆ. ಕೆಳಗಿದ್ದ ತಾತನಿಗೆ ನನ್ನ ಕಾಲಷ್ಟೇ ಕಾಣುತ್ತಿತ್ತು.

ಊಟ ಮುಗಿಸಿ ಬುದ್ಧಿಯವರು ಒಬ್ಬರೇ ಹಾರಿದರು. ಊರಿನ ಮೇಲೆ ಎರಡು ಸುತ್ತು ಹಾಕಿ ಇಳಿಯಲು ಬಂದಾಗ, ನೆಲ ಮುಟ್ಟುವ ಹೊತ್ತಿಗೆ ವಿಮಾನ ದೊಪ್ಪನೆ ಕುಸಿಯಿತು. ಚಕ್ರ ಕಳಚಿತು, ರೆಕ್ಕೆ ಹರಿಯಿತು, ಅವರ ಭುಜದ ಮೂಳೆ ಮುರಿಯಿತು. ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ತಾತ ಆ ಜಾಗದಲ್ಲಿ ಮಂಡಿಯೂರಿ ಹುಡುಕಿದ. ಹುಲ್ಲಿನ ಮರೆಯಲ್ಲಿ ಒಂದು ಬಿಲ ಸಿಕ್ಕಿತು. ‘ಇದೊಂದು ಉಳ್ಕಬುಡ್ತು’ ಎಂದ. ಊರೂ ಅದನ್ನೇ ಆಡಿಕೊಂಡಿತು.

ಬುದ್ಧಿಯವರು ಮತ್ತೆ ಬರಲಿಲ್ಲ. ತಿಂಗಳಾದ ಮೇಲೆ ಅವರ ಮೆಕ್ಯಾನಿಕ್ ಬಂದು, ವಿಮಾನವನ್ನು ಬಿಡಿ ಬಿಡಿಯಾಗಿ ಕಳಚಿ ಎತ್ತಿನ ಗಾಡಿಗಳಿಗೆ ಹೇರಿಸಿದ. ಆ ಕೊಳವೆಗೆ ತಂತಿ ಹಾಕಿ ಕೆದಕಿದಾಗ ಒಣಗಿದ ಗಂಧ ಪುಡಿಪುಡಿಯಾಗಿ ಉದುರಿತು. ‘ಗಾಳಿ ಹೋಗೋ ದಾರೀನೇ ಕಟ್ಟಿದೆ. ಸ್ಪೀಡು ತೋರಿಸೋ ಮುಳ್ಳು ಎಲ್ಲಿಂದ ಓಡುತ್ತೆ? ಪಾಪ, ನಿಧಾನ ಆಗಿದ್ದು ಗೊತ್ತಾಗದೆ ಬಿದ್ದಿದ್ದಾರೆ’ ಎಂದು ತನ್ನಷ್ಟಕ್ಕೆ ಗೊಣಗಿದ. ಕೇಳಿಸಿಕೊಂಡವಳು ನಾನೊಬ್ಬಳೇ. ತಾತ ಬೀಳಿನ ಆ ತುದಿಯಲ್ಲಿ ಬಿಲ ಮುಚ್ಚುತ್ತಿದ್ದ. ಓಡಿಹೋಗಿ ಹೇಳಬಹುದಿತ್ತು. ಅಜ್ಜಿಗೆ ಬೈಗುಳ ಬೀಳುತ್ತದೆಂದು ನೆಪ ಮಾಡಿಕೊಂಡೆ. ನಿಜವೆಂದರೆ ಹೆದರಿದ್ದೆ.

ಗಾಡಿಗಳು ಹೋದ ಮೇಲೂ ತಾತ ಗುದ್ದಲಿ ಬಿಡಲಿಲ್ಲ. ಯಾವ ವಿಮಾನವೂ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅವನಿಗೂ. ಆದರೂ ನಾಲೆಯ ನೀರು ಬಂದು ಬೀಳು ಗದ್ದೆಯಾಗುವವರೆಗೆ ದಿನಾ ಬೆಳಿಗ್ಗೆ ಹೋಗಿ ಬಗ್ಗಿ ಬಗ್ಗಿ ನೋಡುತ್ತಿದ್ದ. ಮೀಸೆಗೆ ಕೈ ಹೋಗುವುದು ನಿಂತೇಹೋಗಿತ್ತು. ಈಗ ಆ ಮನೆಯಿಲ್ಲ, ಆ ಜನವಿಲ್ಲ. ಹೇಳದೆ ಉಳಿದ ಮಾತು ಎಂಥ ಭಾರವೆಂದು ನಿಮಗೂ ಗೊತ್ತಿರಬಹುದು. ತಾತ ಹಾಸಿಗೆ ಹಿಡಿದಾಗ ನಾನು ಓದು ಮುಗಿಸಿ ಟೀಚರಾಗಿದ್ದೆ, ಯಾರ ಭಯವೂ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, ‘ಒಂದ್ ಬಿಲ ಮುಚ್ಚಕಾಗ್ನಿಲ್ವಲ್ಲ ಮಗ, ನನ್ ಕೈಲಿ’ ಎಂದ. ವಿಮಾನ ಬಿದ್ದದ್ದು ಅವನು ಮುಚ್ಚದೆ ಬಿಟ್ಟ ತೂತಿನಿಂದಲ್ಲ, ಅವನ ಹೆಗಲ ಮೇಲೆ ಕೂತು ನಾನು ಮುಚ್ಚಿದ ತೂತಿನಿಂದ.

‘ಬುಡು ತಾತ’ ಎಂದೆ. ಅಷ್ಟೇ ಎಂದೆ.