ಗುಂಡಿಗೆ ಸುರಿದ ತಂಗಳು

ಪುಟ್ಟಮಾದಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅವಳಂತೂ ಕೊನೆಯವರೆಗೂ ಬಾಯಿ ಬಿಡಲಿಲ್ಲ, ಹಾಗಾಗಿ ನಾನೇ ಬಿಡಬೇಕು.

ಗೆಟ್ಟವಾಡಿಯ ನಮ್ಮ ಮನೆಯಲ್ಲಿ ಸಗಣಿ ಕೆಲಸ ಅವಳದು. ಹೊತ್ತು ಹುಟ್ಟುವ ಮುಂಚೆ ಬಂದು ಕೊಟ್ಟಿಗೆ ಬಾಚುವಳು. ಹೋಗುವಾಗ ಹಿತ್ತಿಲ ಬಾಗಿಲಲ್ಲಿ ಮಡಕೆ ಇಟ್ಟು ನಿಲ್ಲುವಳು. ರಾತ್ರಿ ಮಿಕ್ಕ ಮುದ್ದೆ, ಸಾರು ಅದಕ್ಕೆ ಬೀಳಬೇಕು. ನಮ್ಮತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಅವಳ ಇಬ್ಬರು ಹೆಣ್ಣುಮಕ್ಕಳಿಗೆ ಬೆಳಗಿನ ಊಟ ಅದೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಎಂಬತ್ತಮೂರರಲ್ಲಿ ನಮ್ಮ ಯಜಮಾನರು ಬಸವಯ್ಯನವರು ಹಿತ್ತಿಲಲ್ಲಿ ಗುಂಡಿ ತೋಡಿಸಿ ಗೋಬರ್ ಗ್ಯಾಸ್ ಹಾಕಿಸಿದರು. ಹಾಲಿನ ಯೂನಿಯನ್ ಆಫೀಸಿನವರೊಬ್ಬರು ಬಂದು, ಸಗಣಿ ಕೊಳೆತಾಗ ಮೀಥೇನ್ ಎಂಬ ಗಾಳಿ ಹುಟ್ಟುತ್ತದೆ, ಹೊರಗೆ ಬಿಟ್ಟರೆ ಆಕಾಶದ ಪಾಲು, ಹಿಡಿದಿಟ್ಟರೆ ಒಲೆಯ ಪಾಲು ಎಂದರು. ಮಿಕ್ಕ ಅನ್ನ ಹಾಕಿದರೆ ಉರಿ ಹೆಚ್ಚುತ್ತದೆ, ಆದರೆ ಒಂದು ಹಿಡಿ ಮಾತ್ರ ಎಂದು ಒತ್ತಿ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಉರಿ ಹೆಚ್ಚುವ ಮಾತಷ್ಟೇ. ಊದುಕೊಳವೆ ಊದಿ ಊದಿ ಕಣ್ಣು ಕೆಂಪಾದವಳು ನಾನು. ನೆರೆಯವರನ್ನೆಲ್ಲ ಕರೆದು ಆ ನೀಲಿ ಉರಿ ತೋರಿಸುವ ಜಂಬ ಬೇರೆ.

ಗ್ಯಾಸ್ ಒಲೆ ಹತ್ತಿದ ಮಾರನೆಯ ದಿನದಿಂದ ತಂಗಳೆಲ್ಲ ಗುಂಡಿಗೆ. ಅವಳ ಕೈಯಿಂದಲೇ ಮುದ್ದೆ ಕಿವುಚಿಸಿ, ಸಗಣಿಯಲ್ಲಿ ಕಲೆಸಿ ಸುರಿಸಿದೆ. ಮೂರನೆಯ ದಿನ ಅವಳು ಮಡಕೆ ತರುವುದನ್ನೇ ಬಿಟ್ಟಳು. ಪೀಡೆ ಕಳೆಯಿತು ಅಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ.

ಮೈದುನನ ಮದುವೆಯ ಬೀಗರೂಟದಲ್ಲಿ ಒಂದು ಕೊಪ್ಪರಿಗೆ ಅನ್ನ ಮಿಕ್ಕಿತು. ಇಷ್ಟೂ ಗುಂಡಿಗೆ ಹಾಕಿಬಿಡಲೇ ಎಂದು ಅವಳು ಒಮ್ಮೆ ಕೇಳಿದಳು. ಹಾಕು, ಕೇಳುವುದೇನು ಎಂದು ಗದರಿದೆ.

ವಾರದೊಳಗೆ ಒಲೆ ಹತ್ತದೇ ಹೋಯಿತು. ಹಿತ್ತಿಲೆಲ್ಲ ಹುಳಿ ನಾತ. ಆಫೀಸಿನವರು ಬಂದು ಮೂಸಿ ನೋಡಿ, ಗುಂಡಿ ಹುಳಿಯಾಗಿದೆ, ಇಷ್ಟು ಅನ್ನ ಸುರಿದವರು ಯಾರು ಎಂದರು. ಯಜಮಾನರು ನನ್ನ ಕಡೆ ತಿರುಗಿದರು. ನಾನು ಬಾಗಿಲ ಹಿಂದಕ್ಕೆ ಸರಿದೆ.

"ನಾನೇ ಆಕ್ಬುಟ್ಟೆ ಬುದ್ಧಿ," ಎಂದಳು ಪುಟ್ಟಮಾದಮ್ಮ. "ಅಮ್ಮಾವ್ರು ಬ್ಯಾಡ ಅಂದ್ರು."

ಉಂಡ ಮನೆಗೇ ಎರಡು ಬಗೆಯುತ್ತೀಯಾ ಎಂದು ಯಜಮಾನರು ಅವಳ ಮೇಲೆ ಹರಿಹಾಯ್ದರು. ಎಲ್ಲಿ ಉಂಡಿದ್ದಳು ಅವಳು! ನಾನು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡೆ. ಹದಿನೈದು ದಿನ ಅವಳು ಆ ಹುಳಿ ಬಗ್ಗಡವನ್ನು ಮೊಗೆದು ಮೊಗೆದು ಹೊಲಕ್ಕೆ ಹೊತ್ತಳು.

ಒಲೆ ಮತ್ತೆ ಹತ್ತಿದ ಬೆಳಿಗ್ಗೆ ಅದೇ ಉರಿಯಲ್ಲಿ ಬಿಸಿ ಮುದ್ದೆ ಮಾಡಿ, ಹುರುಳಿ ಸಾರು ಸುರಿದು, ಪಾತ್ರೆ ತುಂಬ ಅವಳ ಮುಂದೆ ಹಿಡಿದೆ. ತಪ್ಪಾಯಿತು ಎನ್ನಬೇಕೆಂದು ರಾತ್ರಿಯಿಡೀ ಅಂದುಕೊಂಡಿದ್ದವಳು ನಾನು. ತಗೋ, ಬಿಸಿ ಇದೆ ಎಂದಷ್ಟೇ ಹೇಳಿದೆ.

ಅವಳು ಸಗಣಿ ಕೈಯಲ್ಲೇ ಪಾತ್ರೆ ಇಸಿದುಕೊಂಡು ಗುಂಡಿಯ ಕಡೆ ತಿರುಗಿದಳು.

"ಇಷ್ಟ್ನೂವೆ ಆಕ್ಬುಡ್ಲಾ, ಅಮ್ಮಾವ್ರೆ?"