ಬಾರದ ಫಲಿತಾಂಶಕ್ಕೆ ಹಾಕಿದ ಸೊನ್ನೆ

ಬೆಣ್ಣೆ ಸವರಿದ ಖಾರಾ ಬನ್ನಿನ ರುಚಿ ನಿಮಗೂ ಗೊತ್ತಿರಬಹುದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಜಯನಗರದ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ, ಅದೊಂದು ದಂಡವಾಗಿತ್ತು. ನಾವು ಬರೆದ ಕೋಡನ್ನು ಓಡಿಸುವ ಮೊದಲೇ ಓದಿ ತಪ್ಪು ಹುಡುಕುವ ಪ್ರೋಗ್ರಾಮೊಂದಿತ್ತು. ಸಂಖ್ಯೆ ಇರಬೇಕಾದಲ್ಲಿ ಅಕ್ಷರ ಬರುವಂತಿದ್ದರೆ, ಅಥವಾ ಏನೂ ಬಾರದೆ ಖಾಲಿ ಉಳಿಯುವಂತಿದ್ದರೆ, ಅದು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು. ಸಂಜೆ ಯಾರ ಪರದೆಯಲ್ಲಿ ಹೆಚ್ಚು ಕೆಂಪು ಉಳಿದಿದೆಯೋ ಅವರು ಎಲ್ಲರಿಗೂ ಬನ್ನು ತರಿಸಬೇಕು. ಈ ತಮಾಷೆಯಿಂದ ಗೆರೆಯನ್ನು ಅಳಿಸುವುದನ್ನು ಎಲ್ಲರೂ ಕಲಿತೆವು, ಓದುವುದನ್ನು ಕಲಿಯಲಿಲ್ಲ.

ಆಗ ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ವರದಿ ಮುದ್ರಿಸುವ ಕೆಲಸ ನಡೆದಿತ್ತು. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಗದಗಿನ ಬಸವರಾಜ, ನನ್ನ ಪಕ್ಕದ ಮೇಜಿನವರು, ಒಂದು ಗೆರೆಯ ಮುಂದೆ ಬಹಳ ಹೊತ್ತು ಕುಳಿತಿದ್ದರು.

"ಇದು ಸುಮ್ಮನ ಅಳಿಸೋದಲ್ರೀ. ಯಂತ್ರದಿಂದ ಫಲಿತಾಂಶನ ಬರ್ಲಿಲ್ಲಂದ್ರ ಏನ್ ಮಾಡ್ತೀರಿ ಅಂತ ಕೇಳಾಕತ್ತದ."

ನಮ್ಮ ತಂಡದ ಮುಖ್ಯಸ್ಥ ಶ್ರೀನಾಥ ನಕ್ಕರು. "ಒಂದು ಸೊನ್ನೆ ಹಾಕು ಗುರು, ಸುಮ್ನಾಗುತ್ತೆ. ಇಲ್ಲಾಂದ್ರೆ ಬನ್ ನಿಂದೇ!"

ಬಸವರಾಜ ಸೊನ್ನೆ ಹಾಕಿದರು. ಗೆರೆ ಹೋಯಿತು.

ಸೊನ್ನೆಯೂ ಒಂದು ಉತ್ತರ. ಅಳೆದು ನೋಡಿದ ಮೇಲೆ ಹೇಳುವ ಮಾತು. ಖಾಲಿ ಎಂದರೆ ಯಾರೂ ಇನ್ನೂ ಅಳೆದಿಲ್ಲ ಎಂದು. ಇದನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆ ಸಂಜೆ ನಮ್ಮಲ್ಲಿ ಯಾರೂ ಅಷ್ಟು ಯೋಚಿಸಲಿಲ್ಲ.

ಕೆಲವು ವಾರಗಳ ನಂತರ ಲ್ಯಾಬಿನವರು ನಮ್ಮನ್ನು ಕರೆಸಿದರು. ಅಲ್ಲೊಬ್ಬ ತಂದೆ, ಹಸುಗೂಸಿನ ಕಾಮಾಲೆ ಪರೀಕ್ಷೆಯ ವರದಿ ಹಿಡಿದು ನಿಂತಿದ್ದರು. ತೆಗೆದ ರಕ್ತ ಸಾಲದೆ ಯಂತ್ರ ಫಲಿತಾಂಶ ಕೊಟ್ಟಿರಲಿಲ್ಲ. ವರದಿಯಲ್ಲಿ ನಮ್ಮ ಸೊನ್ನೆ ಇತ್ತು, ಮಿತಿಗಿಂತ ಕಡಿಮೆಯಾದ್ದರಿಂದ ಅದರ ಪಕ್ಕದಲ್ಲಿ 'ನಾರ್ಮಲ್' ಎಂದೂ ಅಚ್ಚಾಗಿತ್ತು.

"ಸಾರ್, ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ? ಅದಕ್ಕೇ ಡಾಕ್ಟರ್ ಹತ್ರ ಹೋಗೋದು ತಡ ಮಾಡಿದ್ವಿ," ಎಂದರು. ಜಗಳಕ್ಕೆ ಬಂದವರ ದನಿಯಾಗಿರಲಿಲ್ಲ. ಮಗು ಆಸ್ಪತ್ರೆಯಲ್ಲಿ, ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿತ್ತು. ಜೀವಕ್ಕೆ ಅಪಾಯವಿಲ್ಲ, ಕಾಮಾಲೆ ಅಷ್ಟು ಏರಿದ್ದರಿಂದ ಕಿವಿ ಕೇಳುತ್ತದೆಯೇ ಎಂಬುದನ್ನು ಮಾತ್ರ ಕಾದು ನೋಡಬೇಕು ಎಂದು ವೈದ್ಯರು ಹೇಳಿದ್ದರಂತೆ.

ಕಚೇರಿಗೆ ಮರಳಿ ಬಸವರಾಜ ಆ ಸೊನ್ನೆಯನ್ನು ತೆಗೆದರು. ಖಾಲಿ ಫಲಿತಾಂಶ ಹೋದಲ್ಲೆಲ್ಲ, ಹೋಲಿಸುವಲ್ಲಿ, ಕೂಡಿಸುವಲ್ಲಿ, ಮುದ್ರಿಸುವಲ್ಲಿ, ಪರದೆ ಕೆಂಪಾಯಿತು. ಶ್ರೀನಾಥ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು, "ಮೊದಲಿಂದ ಓದಿ, ಬಸವರಾಜ್," ಎಂದರು. ಒಂದೊಂದನ್ನೂ ಓದಿದರು, ಪ್ರತಿ ಗೆರೆಯೂ ಅದೇ ಪ್ರಶ್ನೆಯನ್ನು ಕೇಳುತ್ತಿತ್ತು.

ಕೊನೆಗೆ ಪ್ರಿಂಟರಿನಿಂದ ಮಾದರಿ ವರದಿ ಹೊರಬಂತು: 'ಫಲಿತಾಂಶ ಬಂದಿಲ್ಲ. ಮತ್ತೊಮ್ಮೆ ರಕ್ತ ಕೊಡಿ.'

ಬಸವರಾಜ ಅದನ್ನು ಕೈಗೆತ್ತಿಕೊಂಡು ಓದಿದರು.

"ಇಷ್ಟ ಬರೀಬೇಕಿತ್ರೀ," ಎಂದರು.