ಅಕ್ಕನ ಕವಾಟ

ಅಕ್ಕನ ಎದೆಯಲ್ಲಿ ಲೋಹದ ಕವಾಟವಿತ್ತು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಅವಳ ಹೃದಯವನ್ನು ಹಾಳುಮಾಡಿತ್ತು. ನಾನು ಹೃದ್ರೋಗ ತಜ್ಞೆಯಾದದ್ದು ಅವಳಿಗಾಗಿಯೇ ಎಂದು ನೆಂಟರು ಹೇಳುತ್ತಾರೆ. ಹಾಗೇನಿಲ್ಲ, ಸೀಟು ಸಿಕ್ಕಿತು, ಓದಿದೆ. ಈಗ ಸಾಗರದಲ್ಲಿ ಕೆಲಸ, ತಿಂಗಳಿಗೊಮ್ಮೆ ಹೊಸನಗರದಲ್ಲಿ ಕ್ಯಾಂಪು, ಉಳಿದ ಹೊತ್ತಿನಲ್ಲಿ ಸಂಶೋಧನೆ. ಅಕ್ಕ ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು.

ಇಂಥ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಜೀವನಪೂರ್ತಿ ನುಂಗಬೇಕು. ಸೊಪ್ಪು ಹೆಚ್ಚು ತಿಂದರೆ ಗುಳಿಗೆಯ ಬಲ ಕುಗ್ಗುತ್ತದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ, ಅಕ್ಕನಿಗೂ ಹೇಳಿದ್ದೆ. ಅವಳು ಸೊಪ್ಪಿನ ಪಲ್ಯ, ಸೊಪ್ಪಿನ ಹುಳಿ ಎರಡನ್ನೂ ಬಿಟ್ಟಳು. ಹೇಳಿದ ಮಾತು ಕೇಳುವ ರೋಗಿಗಳು ಅಪರೂಪ, ಅವಳು ಅಂಥವಳು.

ಹೋದ ಬೇಸಿಗೆಯಲ್ಲಿ ಅವಳಿಗೆ ಏದುಸಿರು ಶುರುವಾಯಿತು. ಭಾವ ಕಾರಿನಲ್ಲಿ ಸಾಗರಕ್ಕೆ ಕರೆತಂದರು. ಹೃದಯದ ಸ್ಕ್ಯಾನು, ಎಕೋ, ನಾನೇ ಮಾಡಿದೆ. ಹೆಪ್ಪುಗಟ್ಟಿದ ರಕ್ತ ಕವಾಟವನ್ನು ಹಿಡಿದುಕೊಂಡಿತ್ತು, ಅದು ಸರಿಯಾಗಿ ತೆರೆಯುತ್ತಿರಲಿಲ್ಲ. ನನಗೆ ಭಯವಾಗಲಿಲ್ಲ. ಏನೂ ಆಗಲಿಲ್ಲ. ಹೆಪ್ಪು ಕರಗಿಸುವ ಔಷಧ ಹಾಕಿಸಿ, ಗುಳಿಗೆ ಬಿಟ್ಟಿದ್ದೆಯಾ ಎಂದು ಅವಳನ್ನು ಕೇಳಿದೆ. ಒಂದು ದಿನವೂ ಬಿಟ್ಟಿಲ್ಲವೆಂದಳು. ಸೊಪ್ಪು ಮುಟ್ಟಿಲ್ಲವೆಂದಳು. ಹಾಗಾದರೆ ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದೆ ಎಂದೆ.

“ನಿನ್ ಗುಳಿಗೆ ಭಾರಿ ಉಷ್ಣ ಮಾರಾಯ್ತಿ, ಬಾಯೆಲ್ಲ ಹುಣ್ಣಾಗಿತ್ತು. ತಂಪಿಗೆ ಅಂತ ದಿನಾ ಚಕ್ರಮುನಿ ತಂಬ್ಳಿ ಮಾಡ್ಕೊಂಡು ಕುಡೀತಿದ್ದೆ.”

“ಅದು ಸೊಪ್ಪಲ್ವೇನೇ ಅಕ್ಕ?”

“ತಂಬ್ಳಿ ಎಲ್ಲಾದ್ರೂ ಸೊಪ್ಪಾಗುತ್ತಾ?”

ನಮ್ಮ ಕಡೆ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಎಲೆಯನ್ನು ಅರೆದು ಮಜ್ಜಿಗೆಗೆ ಬೆರೆಸಿದ ಮೇಲೆ ಅದು ತಂಪು, ಪಥ್ಯ, ಮದ್ದು. ಸೊಪ್ಪಂತೂ ಅಲ್ಲವೇ ಅಲ್ಲ. ನಾನು ಕೊಟ್ಟ ಗುಳಿಗೆಯನ್ನು ತಡೆದುಕೊಳ್ಳಲೆಂದೇ ಅಕ್ಕ ಅದನ್ನು ಕುಡಿದಿದ್ದಳು.

ಹೆಪ್ಪು ಕರಗಲಿಲ್ಲ. ಮಾರನೆಯ ಬೆಳಿಗ್ಗೆ ಅಕ್ಕ ತೀರಿಕೊಂಡಳು. ಭಾವ ಗೋಡೆ ಹಿಡಿದು ಅತ್ತರು. ನಾನು ಸರ್ಟಿಫಿಕೇಟಿಗೆ ಸಹಿ ಹಾಕಿ, ಹೊರಗೆ ಕಾಯುತ್ತಿದ್ದ ರೋಗಿಗಳನ್ನು ನೋಡಲು ಹೋದೆ. ಕಲ್ಲೆದೆಯವಳು ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲಿ. ಅಳು ಬಂದಿದ್ದರೆ ನಾನೂ ಅಳುತ್ತಿದ್ದೆ.

ಈಗ ಕ್ಯಾಂಪಿನಲ್ಲಿ ಸೊಪ್ಪು ತಿನ್ನುತ್ತೀರಾ ಎಂದು ಕೇಳುವುದಿಲ್ಲ. ತಂಬುಳಿಗೆ ಏನು ಹಾಕುತ್ತೀರಿ ಎಂದು ಕೇಳುತ್ತೇನೆ. ಆಗ ಬೆರಳು ಮಡಿಸಿ ಮಡಿಸಿ ಹೇಳುತ್ತಾರೆ. ಮೊನ್ನೆ ಹೊಸನಗರದಲ್ಲಿ ಕವಾಟ ಹಾಕಿಸಿಕೊಂಡ ಹೆಂಗಸೊಬ್ಬಳು ಹಾಗೆ ಹೇಳುತ್ತಾ ಹೇಳುತ್ತಾ ನಿಲ್ಲಿಸಿ ನನ್ನನ್ನೇ ನೋಡಿದಳು.

“ನಿಮ್ಗೆ ಇದೆಲ್ಲ ಹೆಂಗೆ ಗೊತ್ತಾಯ್ತು ಡಾಕ್ಟ್ರೇ? ಪುಸ್ತಕದಲ್ಲಿ ಬರ್ದಿರ್ತಾರಾ?”

ಹೌದು ಎಂದೆ. ಸುಳ್ಳಲ್ಲ. ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ, ಬರೆದವಳು ನಾನೇ. ರೋಗಿಯ ಹೆಸರು ಹಾಕಬಾರದೆಂಬ ನಿಯಮವಿದೆ. ‘ನಲವತ್ತೆಂಟು ವರ್ಷದ ಮಹಿಳೆ’ ಎಂದು ಬರೆದೆ. ಅಕ್ಕ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.